ದಾಸವಾಳ ಹಚ್ಚಬೇಕೋ, ಕಣಗಿಲೆ ಹಚ್ಚಬೇಕೋ? ಮನೆತೋಟದ ಗುಂಪಿನ ಪ್ರಶ್ನೋತ್ತರ

ಕಲಬುರಗಿ, ಸೇಡಂ ರಸ್ತೆ: ನಮಸ್ಕಾರ್ರಿ ಮೇಡಂ. ಮನಿ ಮುಂದ ಪಡುವಣಕ್ಕ ಹತ್ತು ಫೂಟ್ ಜಾಗ ಅದ. ಮಧ್ಯಾಹ್ನದಿಂದ ಸಂಜಿ ತನಕ ಬಿಸಲು. ಪೂಜಿಗಿ ದಿನಾ ಹೂವ ಬೇಕು. ದಾಸವಾಳ ಹಚ್ಚಲೋ, ಕಣಗಿಲೆ ಹಚ್ಚಲೋ?

ತೋಟಗಾರಿಕೆ ತಜ್ಞೆ: ನಮಸ್ಕಾರ. ಆ ಜಾಗಕ್ಕ ಕಣಗಿಲೆ. ಏಪ್ರಿಲ್-ಮೇದಾಗ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟತದ, ಮ್ಯಾಲೆ ಗೋಡಿ ಕಾವು ಬ್ಯಾರೆ. ಅಲ್ಲಿ ದಾಸವಾಳದ ಮೊಗ್ಗು ಅರಳೋ ಮೊದಲೇ ಉದುರತಾವ. ಅದಕ್ಕ ಮುಂಜಾನಿ ಐದಾರು ತಾಸು ಬಿಸಿಲು, ಮಧ್ಯಾಹ್ನ ನೆರಳು ಬೇಕು, ಅಂದ್ರ ಮೂಡಲ ಮಗ್ಗಲು. ಬ್ಯಾಸಗ್ಯಾಗ ನೆಲದ ದಾಸವಾಳಕ್ಕ ದಿನ ಬಿಟ್ಟು ದಿನ, ಕುಂಡದ್ದಕ್ಕ ದಿನಾ ನೀರು. ಕಣಗಿಲೆಗೆ ಮೊದಲ ವರ್ಷ ವಾರಕ್ಕ ಎರಡು ಸಲ, ಬೇರು ಇಳಿದ ಮ್ಯಾಲೆ ಎಂಟ್ಹತ್ತು ದಿನಕ್ಕೊಮ್ಮೆ ಸಾಕು. ನೆರಳಾಗ ಇಟ್ರ ಕಣಗಿಲೆ ಬರೇ ಎಲಿ ಬಿಡತದ. ಮನ್ಯಾಗ ಸಣ್ಣ ಮಕ್ಕಳು, ಆಡು, ಎಮ್ಮಿ ಇದ್ರ ಮಾತ್ರ ಕಣಗಿಲೆ ಬ್ಯಾಡ. ಬೇರಿನಿಂದ ಹೂವಿನ ತನಕ ಪೂರಾ ವಿಷ.

ಯಾದಗಿರಿ: ದಾಸವಾಳದ ಮೊಗ್ಗ ಉದರಲತ್ಯಾವ ಮೇಡಂ, ಏನ್ ಹೊಡೀಬೇಕು?

ತಜ್ಞೆ: ಉದುರಿದ ಮೊಗ್ಗು ಬ್ಲೇಡಿನಿಂದ ಸೀಳಿ ನೋಡ್ರಿ. ಒಳಗ ಸಣ್ಣ ಬಿಳಿ ಹುಳ ಇದ್ರ ಉದುರಿದ್ದೆಲ್ಲಾ ದಿನಾ ಆರಿಸಿ ಚೀಲದಾಗ ಕಟ್ಟಿ ಹೊರಗ ಹಾಕ್ರಿ. ಹುಳ ಇಲ್ಲಂದ್ರ ಒಮ್ಮೆ ಒಣಗಿಸಿ ಒಮ್ಮೆ ನೀರು ತುಂಬಿಸೋದು ಬಿಡ್ರಿ.

ಶಹಾಬಾದ್: ಒಂದೇ ಸಾಲಿನಾಗ ಎರಡೂ ಹಚ್ಚೀವಿ. ಕಣಗಿಲೆ ಹಸರಗ ಅದ. ದಾಸವಾಳದ ಹೊಸ ಎಲಿ ಹಳದಿ, ನರ ಅಷ್ಟೇ ಹಸರು. ಡಿಎಪಿ ಎರಡು ಸಲ ಹಾಕಿದ್ರೂ ಇನ್ನಾ ಹಳದಿ ಆಯ್ತು. ಮನಿ ಕಟ್ಟುವಾಗ ಅಂಗಳಕ್ಕ ಫರಸಿ ಪುಡಿ ತುಂಬ್ಯಾರ.

ತಜ್ಞೆ: ನಿಮ್ಮ ಕೊನೇ ಸಾಲಿನಾಗೇ ಉತ್ತರ ಅದ. ಶಹಾಬಾದ್ ಫರಸಿ ಅಂದ್ರ ಸುಣ್ಣಕಲ್ಲು. ಅದರ ಪುಡಿ ಮಣ್ಣಿನ ರಸಸಾರ (ಪಿಎಚ್, ಹುಳಿ-ಕ್ಷಾರದ ಅಳತಿ) 8ರ ಮ್ಯಾಲೆ ಹಿಡಿದಿಡತದ. ಮಣ್ಣಿನಾಗ ಕಬ್ಬಿಣ ಇದ್ದರೂ ಕರಗಂಗಿಲ್ಲ, ದಾಸವಾಳದ ಬೇರಿಗೆ ಸಿಗಂಗಿಲ್ಲ. ಕಬ್ಬಿಣ ಹಳೇ ಎಲಿಯಿಂದ ಹೊಸ ಎಲಿಗೆ ಹೋಗಂಗಿಲ್ಲ, ಅದಕ್ಕೇ ಹಳದಿ ತುದಿಯಿಂದ ಶುರು ಆಗತದ. ಸಾರಜನಕ ಕಡಿಮಿ ಆದ್ರ ಉಲ್ಟಾ, ಕೆಳಗಿನ ಹಳೇ ಎಲಿ ಮೊದಲು ಹಳದಿ. ಡಿಎಪಿಯ ರಂಜಕ ಸಿಕ್ಕಷ್ಟು ಕಬ್ಬಿಣಾನೂ ಕಟ್ಟಿಹಾಕತದ, ಇವತ್ತೇ ನಿಲ್ಲಿಸ್ರಿ. ಕಣಗಿಲೆ ಸುಣ್ಣ, ಉಪ್ಪು ಎರಡೂ ತಡೀತದ.

ಒಂದು ಹಿಡಿ ಒಣ ಮಣ್ಣಿಗೆ ಲಿಂಬಿ ರಸ ಹಿಂಡ್ರಿ. ನೊರಿ ಬಂದ್ರ ಸುಣ್ಣ ಇದ್ದಂಗ. ಗಂಧಕ ಹಾಕಿ ಸರಿ ಮಾಡತೀನಿ ಅನ್ನಬ್ಯಾಡ್ರಿ. ಒಂದು ಕಿಲೋ ಗಂಧಕ ಮೂರು ಕಿಲೋ ಸುಣ್ಣಕಲ್ಲಿನ ಪುಡಿ ಅಷ್ಟೇ ತೀರಸತದ. ನೂರು ಕಿಲೋ ಮಣ್ಣಿನಾಗ ಹತ್ತು ಕಿಲೋ ಪುಡಿ ಇದ್ರ ಮೂರು ಕಿಲೋ ಮ್ಯಾಲೆ ಗಂಧಕ ಬೇಕು. ಜಿಪ್ಸಮ್ಮಿನಿಂದ ಸುಣ್ಣ ಕಡಿಮಿ ಆಗಂಗಿಲ್ಲ.

ಈಗ ಮಾಡೋದು ಇಷ್ಟು. ಒಂದು ಲೀಟರ್ ನೀರಿಗೆ ಮೊದಲು ಸಿಟ್ರಿಕ್ ಆಸಿಡ್ 1 ಗ್ರಾಂ, ಆಮ್ಯಾಲೆ ಅನ್ನಭೇದಿ (ಫೆರಸ್ ಸಲ್ಫೇಟ್) 5 ಗ್ರಾಂ. ನೀರು ತಿಳಿಹಸರು ಇರಬೇಕು, ತುಕ್ಕಿನ ಬಣ್ಣ ಬಂದಿದ್ರ ಚೆಲ್ಲಿಬಿಡ್ರಿ. ಸಂಜಿಮುಂದ ಎಲಿಯ ಎರಡೂ ಮಗ್ಗಲು ತೊಯ್ಯುವಂಗ ಸಿಂಪಡಿಸ್ರಿ, ಹತ್ತು ದಿನಕ್ಕೊಮ್ಮೆ, ಮೂರು ಸಲ. ಫರಸಿಗೆ ಸಿಡಿದ್ರ ಕಲೆ ಹೋಗಂಗಿಲ್ಲ, ಕೆಳಗ ಚೀಲ ಹಾಸ್ರಿ. ಬುಡಕ್ಕ ಕೊಡೋದಿದ್ರ ಇಡಿಡಿಎಚ್ಎ ಕಬ್ಬಿಣ (ಸುಣ್ಣದ ಮಣ್ಣಿನಾಗೂ ಕಬ್ಬಿಣ ಕರಗಿದಂಗೇ ಇಡೋ ಗೊಬ್ಬರ) ಕೇಳಿ ತಗೋರಿ, 10 ಗ್ರಾಂ ನೀರಿಗೆ ಕಲಿಸಿ ಹಾಕಿ ಮ್ಯಾಲೆ ಮಣ್ಣು ಮುಚ್ಚ್ರಿ, ಬಿಸಿಲಿಗೆ ಅದು ಕೆಡತದ. ಅಂಗಡ್ಯಾಗ ಕೊಡೋ ಇಡಿಟಿಎ ಕಬ್ಬಿಣ ನಿಮ್ಮ ಮಣ್ಣಿನಾಗ ಬೇರಿಗೆ ಮುಟ್ಟೋ ಮೊದಲೇ ಒಡೀತದ.

ಕಾಯಂ ಪರಿಹಾರ ಅಂದ್ರ ಗಿಡಾನೇ ಎತ್ತರಕ್ಕ ತರಬೇಕು. ಮಳಿಗಾಲ ಶುರುವಾದಾಗ 16 ಇಂಚಿನ ಕುಂಡಕ್ಕ, ಇಲ್ಲಾ ಎರಡು ಫೂಟ್ ಎತ್ತರದ ಮಣ್ಣಿನ ಕಟ್ಟಿ ಮ್ಯಾಲೆ ಹಚ್ಚ್ರಿ. ಬೀದರ್ ಕಡೆಯ ಕೆಂಪು ಮಣ್ಣು ಎರಡು ಪಾಲು, ತಿಪ್ಪಿಗೊಬ್ಬರ ಒಂದು, ತೆಂಗಿನ ನಾರಿನ ಪುಡಿ ಒಂದು. ಬೋರಿನ ಗಡಸು ನೀರು ಹಾಕಿದ್ರ ಎರಡು-ಮೂರು ವರ್ಷಕ್ಕ ಅದೂ ಹಂಗೇ ಆಗತದ, ಮಾಳಿಗಿ ಮಳಿನೀರು ಹಿಡಿದಿಡ್ರಿ.

ಹುಮನಾಬಾದ್: ಮೊಟ್ಟಿ ಸಿಪ್ಪಿ ಪುಡಿ, ಸುಣ್ಣದ ತಿಳಿ ಹಾಕಿದ್ರ ದಾಸವಾಳ ನೂರು ಹೂವ ಬಿಡತದ. ಫಾರ್ವರ್ಡ್ ಮಾಡೀನಿ, ಎಲ್ಲಾರೂ ನೋಡ್ರಿ.

ತಜ್ಞೆ: ಅಳಿಸ್ರಿ ಅದನ್ನ. ಸುಣ್ಣ ಹೆಚ್ಚಾಗಿ ಗಿಡ ಸಾಯಲತ್ತದ ಅಂತ ಈಗಷ್ಟೇ ಬರದೀನಿ.

ಹುಮನಾಬಾದ್: ನಾ ಒಳ್ಳೇದಕ್ಕ ಹಾಕೀನ್ರಿ.

ಜೇವರ್ಗಿ: ದಾಸವಾಳಕ್ಕ ಬಿಳಿ ಹಿಟ್ಟಿನಂಥ ಹುಳ ಹತ್ಯಾವ. ಚಿಮಣಿ ಎಣ್ಣಿ ಹೊಡೀಲಾ?

ತಜ್ಞೆ: ಬ್ಯಾಡ, ಎಲಿ ಸುಡತದ. ಮುರುಟಿದ ತುದಿ ಕತ್ತರಿಸಿ ಸೋಪಿನ ನೀರಾಗ ಮುಳುಗಿಸ್ರಿ. ಬೇವಿನೆಣ್ಣಿ 5 ಮಿಲಿ, ಸೋಪಿನ ದ್ರವ 1 ಮಿಲಿ, ನೀರು 1 ಲೀಟರ್, ಸಂಜಿಗೆ, ವಾರಕ್ಕೊಮ್ಮೆ. ಇರುವಿ ದಾರಿ ತಪ್ಪಿಸ್ರಿ. ಹುಳದ ಸಿಹಿರಸಕ್ಕ ಬರೋ ಇರುವಿ ಅದನ್ನ ಕಾಯತಾವ, ಗಿಡದಿಂದ ಗಿಡಕ್ಕ ಒಯ್ಯತಾವ.

ಸುರಪುರ: ಬಿಳಿ ಹುಳಕ್ಕ ಔಷಧ ಹೇಳ್ರಿ ಮೇಡಂ.

ತಜ್ಞೆ: ಮ್ಯಾಲೆ ಜೇವರ್ಗಿಯವರಿಗೆ ಹೇಳಿದ್ದೇ.

ಭಾಲ್ಕಿ: ಬೆಂಗಳೂರಿನ ಹೈಬ್ರಿಡ್ ದಾಸವಾಳ ನಮ್ಮಲ್ಲಿ ಬರತದೇನ್ರಿ?

ಚಿತ್ತಾಪುರ: ಮೇಡಂ, ನಮ್ಮಪ್ಪಾರು ನಿನ್ನಿಂದ ಮೊಳಕಾಲ ನೋವಿಗಿ ಕಣಗಿಲ ಎಲಿ ಕುದಿಸಿ ಕುಡೀಲತ್ಯಾರ. ವಾಟ್ಸಾಪದಾಗ ಬಂದಿತ್ತು. ಇವತ್ತ ವಾಂತಿ, ಹೊಟ್ಟಿ ನೋವು. ಪಿತ್ತ ಇರಬೇಕು ಅನಸ್ತದ. ಎಷ್ಟು ಎಲಿ ಹಾಕಬೇಕು ಸರಿಯಾಗಿ?

ತಜ್ಞೆ: ಒಂದು ಎಲಿನೂ ಹಾಕಬಾರದು. ಓದೋದು ಬಿಟ್ಟು ಮೊದಲು 108ಕ್ಕ ಫೋನ್ ಮಾಡ್ರಿ. ಇದು ಪಿತ್ತ ಅಲ್ಲ, ವಿಷ ಅಂತಲೇ ತಿಳಿದು ನಡೀರಿ. ಕಣಗಿಲೆಯ ವಿಷ ಓಲಿಯಾಂಡ್ರಿನ್, ಅದು ಹೃದಯದ ಮ್ಯಾಲೆ ಹೃದ್ರೋಗದ ಡಿಗಾಕ್ಸಿನ್ ಗುಳಿಗಿಯಂಗೇ ಕೆಲಸ ಮಾಡತದ. ಬಡಿತ ನಿಧಾನ ಆಗತದ, ತಾಳ ತಪ್ಪತದ, ರಕ್ತದಾಗ ಪೊಟ್ಯಾಶಿಯಂ ಏರತದ. ಕುದಿಸಿದ್ರ ವಿಷ ಹೋಗಂಗಿಲ್ಲ, ನೀರಿಗೆ ಇಳೀತದ. ಉಪ್ಪುನೀರು, ಹಾಲು, ತುಪ್ಪ ಏನೂ ಕುಡಿಸಬ್ಯಾಡ್ರಿ, ವಾಂತಿ ಮಾಡಸಬ್ಯಾಡ್ರಿ, ನಡೆಸಿಕೊಂಡು ಹೋಗಬ್ಯಾಡ್ರಿ. ಒಂದು ಟೊಂಗಿ ಚೀಲದಾಗ ಹಾಕಿ ಸಂಗಡ ಒಯ್ಯಿರಿ. "ಕಣಗಿಲೆ ಕಷಾಯ ಕುಡದಾರ, ಇಸಿಜಿ ಮತ್ತ ಪೊಟ್ಯಾಶಿಯಂ ನೋಡ್ರಿ" ಅಂತ ಬಾಗಲಾಗೇ ಹೇಳ್ರಿ. ಹೃದಯದ್ದು, ಬಿಪಿದ್ದು ಗುಳಿಗಿ ತಗೋತಿದ್ರ ಆ ಚೀಟಿನೂ ಬೇಕು. ವಾಂತಿ ನಿಂತ್ರೂ ಮನಿಗೆ ಕರಕೊಂಡು ಬರಬ್ಯಾಡ್ರಿ, ಬಡಿತ ಆಮ್ಯಾಲೂ ಕೆಡಬಹುದು.

ಚಿತ್ತಾಪುರ: ಗಾಡಿ ಬರಲತ್ತದ. ಟೊಂಗಿ ತಗೊಂಡೀವಿ.

ಹುಮನಾಬಾದ್: ಆಯುರ್ವೇದದಾಗ ಕಣಗಿಲೆ ಔಷಧ ಅಂತ ಅದ. ಅಷ್ಟು ಹೆದರಸಬ್ಯಾಡ್ರಿ.

ತಜ್ಞೆ: ಆಯುರ್ವೇದ ಕರವೀರ, ಅಂದ್ರ ಕಣಗಿಲೆನ್ನ, ಉಪವಿಷದ ಸಾಲಿನಾಗ ಇಟ್ಟದ. ಶೋಧನ (ವಿಷ ಇಳಿಸೋ ಸಂಸ್ಕಾರ) ಮಾಡದೇ ಕೊಡಬಾರದು ಅಂತಲೇ ಹೇಳತದ. ಇಲ್ಲಿ ಒಬ್ರು ದವಾಖಾನಿಗೆ ಹೊಂಟಾರ. ಇಂಥ ಮೆಸೇಜು ಇನ್ನೊಮ್ಮೆ ಹಾಕಬ್ಯಾಡ್ರಿ.

ಔರಾದ: ಹಂಗಾದ್ರ ಕಣಗಿಲೆ ಎಲ್ಲಾರೂ ಕಿತ್ತು ಒಗೀರಿ. ಮನಿ ಮುಂದ ವಿಷ ಯಾಕ?

ಸೇಡಂ ರಸ್ತೆ: ಕಿತ್ತು ಯಾಕ ಒಗೀಬೇಕ್ರಿ? ಶಿವನ ಪೂಜಿಗಿ ಹೂವ ಏರಸ್ತೀವಿ, ತಿಂತೀವೇನು?

ಔರಾದ: ನಿಮ್ಮ ಮೊಮ್ಮಕ್ಕಳು ತಿಂದಾಗ ಗೊತ್ತಾಗತದ.

ಸೇಡಂ ರಸ್ತೆ: ಮಾತು ನೆಟ್ಟಗ ಆಡ್ರಿ. ಹೈವೇ ನಡುವ ಅದನ್ನೇ ಹಚ್ಚ್ಯಾರ, ಸರಕಾರಕ್ಕೂ ಹೇಳ್ರಿ.

ಔರಾದ: ಹೈವೇದಾಗ ನಿಮ್ಮ ಮಕ್ಕಳು ಆಡತಾರೇನು?

ತಜ್ಞೆ: ಇಬ್ರೂ ನಿಲ್ಲಿಸ್ರಿ. ಹೈವೇದಾಗ ಹಚ್ಚೋದು ನೀರು ಕಡಿಮಿ ಸಾಕು, ಹೊಗಿ ತಡೀತದ, ದನ ಮುಟ್ಟೋದು ಕಡಿಮಿ ಅಂತ. ಮನ್ಯಾಗ ಬೇಲಿಗೆ ಹಚ್ಚೋರು ಗಿಡದಿಂದ ಗಿಡಕ್ಕ ಮೂರು ಫೂಟ್ ಬಿಡ್ರಿ, ಮಕ್ಕಳ ಆಟದ ಜಾಗ, ದನದ ಗ್ವಾದಲಿ, ಕುಡಿಯೋ ನೀರಿನ ಟಾಕಿ ಹತ್ರ ಬ್ಯಾಡ. ಕತ್ತರಿಸುವಾಗ ಕೈಗವಸು ಹಾಕ್ರಿ, ಗಿಡದ ರಸ ಹತ್ತಿದ್ರ ಸೋಪು ಹಚ್ಚಿ ತೊಳೀರಿ. ಹಳದಿ ಹೂವಿನ ಕಾಡು ಕಣಗಿಲೆ ಬ್ಯಾರೆ ಗಿಡ, ಅದರ ಬೀಜ ಇನ್ನೂ ಅಪಾಯ.

ಕಮಲಾಪುರ: ಕಡದ ಕಣಗಿಲ ಟೊಂಗಿ ಬದುವಿಗಿ ಒಗದೀವಿ. ಆಡು ಅಲ್ಲೇ ಮೇಯತಾವ. ಒಣಗ್ಯಾವ, ನಡೀತದಲ್ಲ?

ತಜ್ಞೆ: ನಡೆಯಂಗಿಲ್ಲ. ಈಗಲೇ ಆಡು ಕಟ್ಟಿಹಾಕ್ರಿ. ಹಸಿ ಎಲಿ ಕಹಿ ಇದ್ದದ್ದಕ್ಕ ಆಡು ಬಿಡತಾವ. ಒಣಗಿದ್ರ ತಿಂತಾವ, ವಿಷ ಹಂಗೇ ಇರತದ. ಎಲ್ಲಾ ಆರಿಸಿ ಎರಡು ಫೂಟ್ ತಗ್ಗಿನಾಗ ಹೂಳ್ರಿ. ಸುಡಬ್ಯಾಡ್ರಿ, ಹೊಗಿನೂ ವಿಷ. ಅದರ ಕಟಗಿ ಒಲಿಗೆ ಬ್ಯಾಡ, ಕಡ್ಡಿಯಿಂದ ಪಾತ್ರಿ ತಿರುವಬ್ಯಾಡ್ರಿ. ಆಡು ಜೊಲ್ಲು ಸುರಿಸಿದ್ರ, ಭೇದಿ ಆದ್ರ, ನಿಲ್ಲಲಾರದೇ ಬಿದ್ರ ಪಶು ಸಹಾಯವಾಣಿ 1962ಕ್ಕ ಫೋನ್ ಮಾಡ್ರಿ.

ಹುಣಸಗಿ: ದಾಸವಾಳ ಯಾವಾಗ ಕತ್ತರಿಸಬೇಕು? ಗೊಬ್ಬರ ಎಷ್ಟು? ಹೂವಿನ ಛಾ ಮಾಡಬಹುದಾ?

ತಜ್ಞೆ: ಹೂವು ಹೊಸ ಚಿಗುರಿಗೇ ಬರತದ. ಥಂಡಿ ಹೋದ ಮ್ಯಾಲೆ, ಫೆಬ್ರುವರಿಯಾಗ, ಮೂರರಾಗ ಒಂದು ಪಾಲು ಕತ್ತರಿಸ್ರಿ. ಜೂನ್, ಅಕ್ಟೋಬರಿನಾಗ ತಿಪ್ಪಿಗೊಬ್ಬರ ಮೂರು ಕಿಲೋ. ಹೂ ಬಿಡೋ ಕಾಲಕ್ಕ 13-0-45 (ಪೊಟ್ಯಾಶಿಯಂ ನೈಟ್ರೇಟ್ ಗೊಬ್ಬರ) ಲೀಟರಿಗೆ 2 ಗ್ರಾಂ, ಹದಿನೈದು ದಿನಕ್ಕೊಮ್ಮೆ. ಅಂಗಡ್ಯಾಗ ಸಿಗೋ ದಾಸವಾಳದ ಛಾ ಪುಂಡಿ ಜಾತಿಯ ಕೆಂಪು ಪುಷ್ಪಪಾತ್ರೆಯದು (ಹೂವಿನ ಬುಡದ ದಪ್ಪ ಎಸಳು), ಅಂಗಳದ ದಾಸವಾಳದ್ದಲ್ಲ. ಬಿಪಿ ಗುಳಿಗಿ ನುಂಗೋರು ಡಾಕ್ಟರನ್ನ ಕೇಳಿ ಕುಡೀರಿ.

ಭಾಲ್ಕಿ: ನನ್ನ ಹೈಬ್ರಿಡ್ ಪ್ರಶ್ನಿಗಿ ಉತ್ತರ ಬರಲಿಲ್ಲ.

ವಾಡಿ: ಪಡುವಣಕ್ಕ ಯಾವ ಗಿಡ ಹಚ್ಚಬೇಕು ಮೇಡಂ? ದಾಸವಾಳೋ ಕಣಗಿಲೋ?

ತಜ್ಞೆ: ಮೊದಲನೇ ಉತ್ತರ ಓದ್ರಿ. ಚಿತ್ತಾಪುರದವರು ದವಾಖಾನಿ ಮುಟ್ಟಿದ ಕೂಡಲೇ ಇಲ್ಲಿ ಬರೀರಿ. ಅಲ್ಲೀತನಕ ಬ್ಯಾರೆ ಪ್ರಶ್ನಿ ತಗೊಳ್ಳಂಗಿಲ್ಲ.