ಪಾಯಿಂಟ್ 22 ಪಿಸ್ತೂಲಿಗೆ ಯಾವ ತೋಟಾ? ನಿಮ್ಮ ಅನುಭವ ಹೇಳಿ

ಹೊಸಬ: 25 ಮೀಟರ್ ಪಿಸ್ತೂಲ್ ಅಭ್ಯಾಸ ಮಾಡುತ್ತಿದ್ದೇನೆ, ಸೆಮಿ ಆಟೋ, ಅಂದರೆ ಹೊಡೆದ ಕೂಡಲೇ ಮುಂದಿನ ತೋಟಾ ತಾನೇ ಒಳಗೆ ಬರುವಂಥದ್ದು. ಈಗಿನ ತೋಟಾದಲ್ಲಿ 50ರ ಡಬ್ಬಿಗೆ ಎರಡಾದರೂ ಸಿಡಿಯುವುದಿಲ್ಲ. ಆರು ವಾರದಲ್ಲಿ ಮ್ಯಾಚ್ ಇದೆ. ಸಾಧಾರಣ ವೇಗದ ಸ್ಟ್ಯಾಂಡರ್ಡ್ ವೆಲಾಸಿಟಿ ಸಾಕಾ, ಸ್ಪರ್ಧೆಗೆಂದೇ ಮಾಡಿದ ಮ್ಯಾಚ್ ತೋಟಾನೇ ಬೇಕಾ?

ಲೆಕ್ಕದವ: ನನ್ನ ಗೋಳು ಕೇಳಿ. ಅಗ್ಗ ಅಂತ ಒಂದೇ ಸಲ 5000 ತೋಟಾ ತಂದೆ. ಮೊದಲ 500ರಲ್ಲಿ 11 ಸಿಡಿಯಲಿಲ್ಲ. ಪ್ರತಿ ಸಲ ನಳಿಗೆ ಟಾರ್ಗೆಟ್ ಕಡೆಗೇ ಹಿಡಿದು 30 ಸೆಕೆಂಡ್ ಕಾಯಬೇಕು. ಆಮೇಲೆ ಅದೇ ತೋಟಾನ ತಿರುಗಿಸಿ ಹಾಕಿದರೆ 7 ಸಿಡಿದವು! ಅಂದರೆ ರಿಮ್ (ತೋಟಾದ ಹಿಂದಿನ ಅಂಚು) ಒಳಗೆ ಕಿಡಿ ಹೊತ್ತಿಸುವ ಮದ್ದು ಸುತ್ತಲೂ ಸಮನಾಗಿ ಹರಡಿಲ್ಲ. ಮುಂದಿನ 500ರಲ್ಲಿ 14. ನಾಲ್ಕು ಸಾವಿರ ಇನ್ನೂ ಬೀರುವಿನಲ್ಲಿದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕೊನೆಗೆ ಎಸ್‌ಕೆ ಪಿಸ್ಟಲ್ ಮ್ಯಾಚ್ ಅನ್ನೋ ತೋಟಾದ ಮೂರು ಲಾಟ್ (ಒಂದೊಂದು ಸಲಕ್ಕೆ ತಯಾರಾದ ಕಂತು) ತಂದು ಹೊಡೆದು ನೋಡಿ, ಟಾರ್ಗೆಟ್ ಮೇಲೆ ಗುಂಡುಗಳ ಗುಂಪು ಚಿಕ್ಕದಾಗಿ ಬಿದ್ದ ಲಾಟ್ ಜಾಸ್ತಿ ಕೊಂಡೆ. ಉಳಿಸಿದ್ದರ ಎರಡರಷ್ಟು ಹೋಯಿತು.

ಎಡಗೈ: ಲಾಟ್ ಟೆಸ್ಟು, ನೋಟ್‌ಬುಕ್ಕು! ಇದೇನು ರೈಫಲ್ಲಾ ಸಾರ್? ಪ್ರಿಸಿಷನ್ ಟಾರ್ಗೆಟ್‌ನ ಹತ್ತು ಅಂಕದ ರಿಂಗೇ 50 ಮಿಲಿಮೀಟರ್ ಅಗಲ. ನಾನು ಸಿಸಿಐ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾ ಬಿಟ್ಟು ಬೇರೆ ಮುಟ್ಟಿಲ್ಲ. 6000 ಹೊಡೆದೆ, ನಿಂತಿದ್ದು ಮೂರು ಸಲ, ಅದರಲ್ಲಿ ಎರಡು, ತೋಟಾ ತುಂಬುವ ಮ್ಯಾಗಜೀನಿನ ತುಟಿ ಬಾಗಿದ್ದಕ್ಕೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಲೆಕ್ಕದವ: 10 ಸೆಕೆಂಡಿಗೆ ಐದು ಹೊಡೆಯುವ ಸರಣಿಯಲ್ಲಿ ಮೂರನೆಯದು ‘ಟಿಕ್’ ಅಂದು ಸುಮ್ಮನಾದಾಗ ಈ ಗಾದೆ ಹೇಳಿ, ನೋಡೋಣ.

ಸ್ಪ್ರಿಂಗು: ಇಬ್ಬರೂ ಪುಣ್ಯವಂತರು. ನಾನು ಜಾಮ್ ಆಗಬಾರದು ಅಂತ ಹೈ ವೆಲಾಸಿಟಿ ಹಾಕಿದೆ, ಸೆಕೆಂಡಿಗೆ 380 ಮೀಟರ್ ಹೋಗುವಂಥದ್ದು. ಜಾಮ್ ನಿಂತಿತು, ನಿಜ. ಆದರೆ ಟಾರ್ಗೆಟ್ ಪಿಸ್ತೂಲಿನ ಸ್ಪ್ರಿಂಗ್ 325ರ ಆಸುಪಾಸಿನ ತೋಟಾಗೆ ಮಾಡಿದ್ದು. ಮೊದಲು ಬೋಲ್ಟ್‌ನ (ಪ್ರತಿ ಹೊಡೆತಕ್ಕೆ ಹಿಂದೆ ಮುಂದೆ ಓಡುವ ಭಾಗ) ಬಡಿತ ತಡೆಯುವ ಬಫರ್ ಪುಡಿಯಾಯಿತು. ಹೊಸದು ಬರಲು ಏಳು ವಾರ. ಹಾಕಿಸಿದ ಮೇಲೆ ಬೋಲ್ಟ್‌ನಲ್ಲಿ ಕೂದಲೆಳೆ ಬಿರುಕು ಕಂಡಿತು. ಮತ್ತೆ ಒಂಬತ್ತು ವಾರ. ಒಂದು ಸೀಸನ್ನೇ ಹೋಯಿತು. ಅಂದ ಹಾಗೆ, ಖಾಲಿ ಚೇಂಬರಿನಲ್ಲಿ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಟ್ರಿಗರ್ ಎಳೆದು ಎಳೆದು ಅದರ ಅಂಚಿಗೆ ಗುಳಿ ಬಿದ್ದಿದ್ದರೂ ತೋಟಾ ಸಿಡಿಯುವುದಿಲ್ಲ. ತೋಟಾಗೆ ಬೈಯುವ ಮೊದಲು ಟಾರ್ಚ್ ಹಾಕಿ ನೋಡಿ.

ಎಡಗೈ: ಅದಕ್ಕಿಂತ ಮೊದಲು ಚೇಂಬರಿಗೆ ತೋಟಾದಿಂದ ಅಂಟಿದ ಮೇಣ ಒರೆಸಿ. ಚಳಿಗೆ ಅದು ಗಟ್ಟಿಯಾದರೆ ತೋಟಾ ಪೂರ್ತಿ ಒಳಗೆ ಕೂರಲ್ಲ. ನಾನು 300ಕ್ಕೊಮ್ಮೆ ಬ್ರಷ್ ಹಾಕುತ್ತೇನೆ, ನಳಿಗೆಗೂ.

ಲೆಕ್ಕದವ: ನಳಿಗೆಗೆ ಬ್ರಷ್ಷಾ?! ಒಂದು ಸಲ ಉಜ್ಜಿದರೆ ಮತ್ತೆ ಗುಂಪು ಕೂಡಲು ನನಗೆ 40 ತೋಟಾ ಬೇಕು.

ಎಡಗೈ: ಆ ಬೀರುವಿನಲ್ಲಿ ನಾಲ್ಕು ಸಾವಿರ ಇದೆಯಲ್ಲಾ ಸಾರ್, ಅದರಲ್ಲಿ 40 ಖರ್ಚು ಮಾಡಿ.

ಹೊಸಬ: ಸಾರ್, ಆರು ವಾರದಲ್ಲಿ ಮ್ಯಾಚ್ ಅಂದಿದ್ದೆ…

ಲೆಕ್ಕದವ: ಸ್ವಲ್ಪ ತಡೀರಿ. ರೀ ಎಡಗೈ, ಬೀರುವಿನ ಸುದ್ದಿ ನಿಮಗ್ಯಾಕೆ?