ಪದಚರ್ಚೆ: ‘ಫಾರ್ಮ್ಯಾಟ್ ಮಾಡು’ ಎಂಬುದಕ್ಕೆ ಕನ್ನಡ (ನಾಳೆಯೇ ಅಚ್ಚಿಗೆ)

ಪ್ರಶ್ನೆ:

ಬಲ್ಲವರಿಗೆ ನಮಸ್ಕಾರ. ಯಕ್ಷಗಾನ ಬಯಲಾಟಗಳ ವಿಡಿಯೊಗಳನ್ನು ಹಾರ್ಡ್‌ಡಿಸ್ಕ್‌ಗಳಲ್ಲಿ ತುಂಬಿ ಊರೂರಿನ ಗ್ರಂಥಾಲಯಗಳಿಗೆ ಕಳುಹಿಸುತ್ತಿದ್ದೇವೆ. ಪ್ರತಿ ಡಿಸ್ಕಿಗೂ ಅಂಟಿಸುವ ಚೀಟಿ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಹೇಳಬೇಕಾದದ್ದು ಎರಡೇ ಮಾತು. ಈ ಡಿಸ್ಕ್ ಎಕ್ಸ್‌ಫ್ಯಾಟ್ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಒಂದು ಏರ್ಪಾಡು) ಫಾರ್ಮ್ಯಾಟಿನಲ್ಲಿದೆ, ವಿಂಡೋಸ್ ಮತ್ತು ಮ್ಯಾಕ್ ಎರಡಕ್ಕೂ ಹೊಂದುತ್ತದೆ. ಕಂಪ್ಯೂಟರ್ ಕೇಳಿದರೂ ಫಾರ್ಮ್ಯಾಟ್ ಮಾಡಬೇಡಿ. ಎರಡು ಕಡೆಗೂ ಒಂದೇ ಧಾತುವಿನ ಪದ ಸಿಕ್ಕೀತೇ? ‘ಹೊಂದುತ್ತದೆ’ ಸರಿಯೋ, ‘ಒಗ್ಗುತ್ತದೆ’ ಲೇಸೋ?

ಎಕ್ಸ್‌ಫ್ಯಾಟೇ ಏಕೆ ಎನ್ನುವವರಿಗೆ: ಇಂಥದೇ ಹಳೆಯ ಏರ್ಪಾಡಾದ ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಕಡತ ಹಿಡಿಸುವುದಿಲ್ಲ, ಇಡೀ ರಾತ್ರಿಯ ಪ್ರಸಂಗ ಅದನ್ನು ಸುಲಭವಾಗಿ ಮೀರುತ್ತದೆ. ವಿಂಡೋಸಿನ ಏರ್ಪಾಡಾದ ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಓದುತ್ತದೆ, ತಾನಾಗಿ ಬರೆಯಗೊಡುವುದಿಲ್ಲ.

ಉತ್ತರ 1:

‘ಹಸನುಗೊಳಿಸು’. ಬಿತ್ತುವ ಮೊದಲು ಹೊಲವನ್ನು ಹಸನು ಮಾಡುವುದಿಲ್ಲವೇ, ಡಿಸ್ಕಿಗೂ ಅದೇ ಕೆಲಸ. ನಾಮಪದಕ್ಕೆ ‘ಅಚ್ಚುಕಟ್ಟು’ ಬಳಸಿ. ‘ಸ್ವರೂಪ’, ‘ಪ್ರಾರೂಪ’ಗಳ ಹೊರೆ ದಯವಿಟ್ಟು ಬೇಡ.

ಉತ್ತರ 2:

ಖಂಡಿತ ಕೂಡದು. ವಿಂಡೋಸಿನಂತೆ ಕಂಪ್ಯೂಟರ್ ನಡೆಸುವ ಲಿನಕ್ಸ್‌ನ ಎಕ್ಸ್‌ಟಿ4 ಏರ್ಪಾಡಿನ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿ ನೋಡಿ. ಬಳಸುವ ಮೊದಲು ಇದನ್ನು ಫಾರ್ಮ್ಯಾಟ್ ಮಾಡಬೇಕು ಎಂಬ ಪೆಟ್ಟಿಗೆ ತೆರೆದುಕೊಳ್ಳುತ್ತದೆ, ಕೆಳಗೆ ಎರಡು ಗುಂಡಿ. ಡಿಸ್ಕ್ ಕೆಟ್ಟಿರುವುದಿಲ್ಲ, ಒಳಗಿರುವುದೆಲ್ಲ ಭದ್ರವಾಗಿಯೇ ಇರುತ್ತದೆ. ಆ ಏರ್ಪಾಡನ್ನು ಓದಲು ವಿಂಡೋಸಿಗೆ ಬರುವುದಿಲ್ಲ, ಅಷ್ಟೇ. ಆ ಗುಂಡಿಯ ಮೇಲೆ ‘ಹಸನುಗೊಳಿಸು’ ಎಂದಿದ್ದರೆ ಯಾರು ತಾನೇ ಒತ್ತದೆ ಬಿಟ್ಟಾರು? ಒತ್ತಿದ ಮೇಲೆ ಪ್ರಸಂಗವೂ ಇಲ್ಲ, ಭಾಗವತರೂ ಇಲ್ಲ. ಕ್ರಿಯಾಪದದಲ್ಲಿ ಅಳಿವಿನ ಸೂಚನೆ ಇರಲೇಬೇಕು.

ಆ ಸೂಚನೆ ನಮ್ಮ ‘ಕಡತ’ದಲ್ಲೇ ಇದೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು, ಒಣಗಿಸಿ, ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಶೃಂಗೇರಿ ಮಠದ ದಾಖಲೆಗಳಲ್ಲಿ ಅಂಥವು ಉಳಿದಿವೆ. ಬರೆದದ್ದನ್ನು ಒರಸಿ, ಮತ್ತೆ ಕಪ್ಪು ಬಳಿದು, ಹೊಸದಾಗಿ ಬರೆಯಬಹುದಿತ್ತು. ನ್ಯಾಯವಾಗಿ ಡಿಸ್ಕನ್ನೇ ಕಡತ ಎನ್ನಬೇಕಿತ್ತು. ಒಂದೊಂದು ಫೈಲಿಗೂ ಆ ಹೆಸರಿಟ್ಟು ಪದವನ್ನು ಕುಗ್ಗಿಸಿದ್ದೇವೆ. ಅದಿರಲಿ, ನಿಮ್ಮ ಚೀಟಿಗೆ ‘ಒರಸಿ ಅಣಿಗೊಳಿಸು’ ಎಂದು ಹಾಕಿ.

ಉತ್ತರ 3:

ಪರದೆಯ ಮೇಲೆ ‘ಫಾರ್ಮ್ಯಾಟ್’ ಎಂದಿರುವಾಗ ಚೀಟಿಯಲ್ಲಿ ‘ಒರಸಿ ಅಣಿಗೊಳಿಸು’ ಎಂದರೆ ಎರಡೂ ಒಂದೇ ಎಂದು ಓದುಗನಿಗೆ ಹೇಗೆ ಗೊತ್ತಾಗಬೇಕು? ‘ಫಾರ್ಮ್ಯಾಟ್’ ಎಂದೇ ಬರೆದು, ಮಾಡಿದರೆ ಏನಾಗುತ್ತದೆ ಎಂಬುದನ್ನು ಕನ್ನಡದಲ್ಲಿ ಹೇಳಿ. ಹೊಂದುವುದೂ ಬೇಡ, ಒಗ್ಗುವುದೂ ಬೇಡ, ‘ನಡೆಯುತ್ತದೆ’ ಸಾಕು. ಚೀಟಿಯಲ್ಲಿ ಲಿನಕ್ಸನ್ನೂ ಸೇರಿಸಿ. ಮೈಕ್ರೋಸಾಫ್ಟ್ 2019ರಲ್ಲಿ ಎಕ್ಸ್‌ಫ್ಯಾಟಿನ ವಿವರಗಳನ್ನು ಪ್ರಕಟಿಸಿತು, ಅದೇ ವರ್ಷ ಲಿನಕ್ಸ್‌ನ ತಿರುಳಾದ ಕರ್ನಲ್‌ನ 5.4ನೇ ಆವೃತ್ತಿಯಲ್ಲಿ ಅದಕ್ಕೆ ಬೆಂಬಲ ಬಂತು. ಇನ್ನೊಂದು ಎಚ್ಚರಿಕೆ ಪದಕ್ಕಿಂತ ಮುಖ್ಯ. ಎಕ್ಸ್‌ಫ್ಯಾಟಿನಲ್ಲಿ ಎನ್‌ಟಿಎಫ್‌ಎಸ್‌ನಲ್ಲಿರುವಂಥ ಜರ್ನಲ್ (ಮಾಡಹೊರಟ ಬದಲಾವಣೆಯನ್ನು ಮೊದಲೇ ಗುರುತುಹಾಕಿಕೊಳ್ಳುವ ದಾಖಲೆ) ಇಲ್ಲ, ಬರೆಯುತ್ತಿರುವಾಗ ತಂತಿ ಕಿತ್ತರೆ ಕಡತಗಳು ಹಾಳಾಗಬಹುದು.

ಉತ್ತರ 1, ಮತ್ತೆ:

ಎಲ್ಲವನ್ನೂ ಹೀಗೆ ಬಿಟ್ಟುಕೊಟ್ಟರೆ ಕನ್ನಡದಲ್ಲಿ ಉಳಿಯುವ ಕ್ರಿಯಾಪದ ‘ಮಾಡು’ ಒಂದೇ. ಕಾಪಿ ಮಾಡು, ಸೇವ್ ಮಾಡು, ಡಿಲೀಟ್ ಮಾಡು. ನಕಲಿಸು, ಉಳಿಸು, ಅಳಿಸು ಎಂಬವು ಕಣ್ಣೆದುರೇ ಸಾಯುತ್ತಿವೆ. ಇದನ್ನು ನಾನು ಒಪ್ಪುವುದಿಲ್ಲ.

ಉತ್ತರ 3, ಮತ್ತೆ:

ನೀವು ಉಳಿಸಹೊರಟ ‘ನಕಲಿಸು’ ಅರಬ್ಬಿಯ ನಕಲಿನಿಂದ ಆದದ್ದು. ದಾಖಲಿಸು, ಬದಲಿಸು ಕೂಡ ಹಾಗೆಯೇ. ಬಂದ ಪದಕ್ಕೆ ‘ಇಸು’ ಹಚ್ಚಿ ನಮ್ಮದಾಗಿಸಿಕೊಂಡವರು ನಮ್ಮ ಹಿಂದಿನವರು. ಹಾಗಾದರೆ ‘ಫಾರ್ಮ್ಯಾಟಿಸು’ ಎನ್ನಿ.

ಉತ್ತರ 2, ಮತ್ತೆ:

‘ಫಾರ್ಮ್ಯಾಟಿಸು’ ಬಾಯಲ್ಲಿ ಹೊರಳುವುದಿಲ್ಲ. ನಕಲು, ಬದಲು ಉಕಾರಾಂತವಾಗಿ ಪಳಗಿದ ಮೇಲೆ ‘ಇಸು’ ಹತ್ತಿತು. ಇದು ಇನ್ನೂ ಪಳಗಿಲ್ಲ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ವಂದನೆ. ಹೀಗೆ ಅಚ್ಚಿಗೆ ಕೊಡುತ್ತಿದ್ದೇನೆ: “ಈ ಡಿಸ್ಕ್ ವಿಂಡೋಸ್, ಮ್ಯಾಕ್, ಹೊಸ ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಫಾರ್ಮ್ಯಾಟ್ ಮಾಡಬೇಡಿ, ಮಾಡಿದರೆ ಒಳಗಿರುವುದೆಲ್ಲ ಅಳಿದುಹೋಗುತ್ತದೆ. ಕಂಪ್ಯೂಟರಿನಲ್ಲಿ ‘ಎಜೆಕ್ಟ್’ ಒತ್ತಿದ ಮೇಲೆಯೇ ತಂತಿ ತೆಗೆಯಿರಿ.” ‘ಎಜೆಕ್ಟ್’ಗೆ ಕನ್ನಡ ಹೊಳೆದವರು ಬೆಳಿಗ್ಗೆ ಒಂಬತ್ತರೊಳಗೆ ತಿಳಿಸಿ.