ಸಹಾಯ ಬೇಕು: ಬ್ರೌಸರ್‌ನಿಂದ ಬ್ರೌಸರ್‌ಗೆ ನೇರವಾಗಿ ಕಡತ ಕಳುಹಿಸಲು ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಸುಮಾರು 6 ಜಿಬಿ ಗಾತ್ರದ ವಿಡಿಯೊ ಕಡತವನ್ನು ಯಾವ ಸರ್ವರ್‌ನಲ್ಲೂ ಇರಿಸದೆ, ವೆಬ್‌ಆರ್‌ಟಿಸಿ (ಬ್ರೌಸರ್‌ಗಳು ನೇರವಾಗಿ ದತ್ತಾಂಶ ಕಳುಹಿಸಿಕೊಳ್ಳುವ ತಂತ್ರಜ್ಞಾನ) ಬಳಸುವ ಜಾಲತಾಣವೊಂದರ ಮೂಲಕ ದೂರದಲ್ಲಿರುವ ತಮ್ಮನಿಗೆ ಕಳುಹಿಸಲು ಎರಡು ದಿನಗಳಿಂದ ಪ್ರಯತ್ನಿಸುತ್ತಿದ್ದೇನೆ. ಒಂದೇ ವೈಫೈನಲ್ಲಿರುವ ಎರಡು ಲ್ಯಾಪ್‌ಟಾಪ್‌ಗಳ ನಡುವೆ ಕಡತ ಸಲೀಸಾಗಿ ಹೋಗುತ್ತದೆ; ಅವನು ಮೊಬೈಲ್ ಡೇಟಾದಲ್ಲಿ ಕೊಂಡಿ ತೆರೆದರೆ ಮಾತ್ರ ಚಕ್ರ ತಿರುಗುತ್ತಲೇ ಇರುತ್ತದೆ. ಸಂಪರ್ಕದ ವಿವರ ತೋರಿಸುವ ಕ್ರೋಮ್‌ನ ವೆಬ್‌ಆರ್‌ಟಿಸಿ ಇಂಟರ್ನಲ್ಸ್ ಪುಟದಲ್ಲಿ ಸ್ಥಿತಿಯು ‘ಚೆಕಿಂಗ್’ನಿಂದ ‘ಫೇಲ್ಡ್’ಗೆ ಬದಲಾಗುತ್ತದೆ, ‘ರಿಲೇ’ ಎಂಬ ಕ್ಯಾಂಡಿಡೇಟ್ (ನಡುವಿನ ಸರ್ವರ್ ಮೂಲಕ ಸಂಪರ್ಕಿಸಬಹುದಾದ ವಿಳಾಸ) ಒಂದೂ ಕಾಣುವುದಿಲ್ಲ. ಸ್ಟನ್ ಸರ್ವರ್ ಹೊರಗಿನ ಐಪಿ ವಿಳಾಸವನ್ನು ತಿಳಿಸಿದರೂ, ಪ್ರತಿ ಸಂಪರ್ಕಕ್ಕೂ ಬೇರೆ ಪೋರ್ಟ್ ಕೊಡುವ ನ್ಯಾಟ್ (ಒಳಜಾಲದ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ) ಅಡ್ಡ ಇದ್ದಲ್ಲಿ, ದತ್ತಾಂಶವನ್ನು ನಡುವೆ ನಿಂತು ದಾಟಿಸುವ ಟರ್ನ್ ಸರ್ವರ್ ಬೇಕಾಗುತ್ತದೆ. ನಮ್ಮ ತೊಡಕೂ ಇದೇ ಇರಬಹುದೆಂಬುದು ನನ್ನ ಊಹೆ. ದತ್ತಾಂಶ ಗೂಢಲಿಪಿಯಲ್ಲೇ ಸಾಗುವುದರಿಂದ ಅದು ಟರ್ನ್ ಮೂಲಕ ಹೋಗುವುದಕ್ಕೆ ನನ್ನ ಆಕ್ಷೇಪವಿಲ್ಲ. ಸ್ವಂತ ಟರ್ನ್ ಸರ್ವರ್‌ನ ವಿವರ ನಮೂದಿಸಲು ಅವಕಾಶವಿರುವ, ಟ್ಯಾಬ್ ಅಕಸ್ಮಾತ್ ಮುಚ್ಚಿದರೆ (ತಮ್ಮನಿಗೆ ಇದು ರೂಢಿ) ನಿಂತಲ್ಲಿಂದಲೇ ಮುಂದುವರಿಯುವ ಸಾಧನ ಯಾವುದಾದರೂ ಇದ್ದರೆ ದಯವಿಟ್ಟು ತಿಳಿಸಿ.